ಕ್ಯಾಂಪಿಂಗ್‌ಗೆ ಗಾಡಿಯ ಒಳಗನ್ನು ಎಷ್ಟು ಬಿಚ್ಚಬೇಕು? ನಮ್ಮ ಬಿಸಿಲು, ನಮ್ಮ ಧೂಳಿಗೆ ತಕ್ಕ ಲೆಕ್ಕ

ಹಿಂದಿನ ಸೀಟು ಮಡಚಿದರೆ ಸಾಕಾ, ಸೀಟು ಕಾರ್ಪೆಟ್ ಎರಡೂ ತೆಗೆಯಬೇಕಾ, ಅಥವಾ ಬರೀ ತಗಡು ಕಾಣುವ ತನಕ ಎಲ್ಲ ಬಿಚ್ಚಿ ಹಾಕಬೇಕಾ? ಗಾಡಿಯಲ್ಲೇ ಮಲಗಿ ಊರೂರು ತಿರುಗುವ ಆಸೆ ಇರುವವರು ಮೊದಲು ಕೇಳುವುದು ಇದನ್ನೇ. ನಾನು ಕೊಪ್ಪಳದವನು. ಈ ಮೂರನ್ನೂ ಹತ್ತಿರದಿಂದ ನೋಡಿದ್ದೇನೆ. 2008ರ ಮಾಡೆಲ್ ಓಮ್ನಿ ಒಂದನ್ನು ಪೂರ್ತಿ ಬಿಚ್ಚಿ ಮೂರು ವರ್ಷ ಓಡಿಸಿದೆ. ಈಗ ಇರುವುದು ಐದು ಸೀಟಿನ ಈಕೋ, ಅದರಲ್ಲಿ ಹಿಂದಿನ ಸೀಟು ಮತ್ತು ಹಿಂಭಾಗದ ಕಾರ್ಪೆಟ್ ಮಾತ್ರ ಹೊರಗೆ. ಸಿಂಧನೂರಿನಲ್ಲಿರುವ ಸೋದರಮಾವನ ಮಗ ತನ್ನ ಬೊಲೆರೊದಲ್ಲಿ ಒಂದು ಬೋಲ್ಟನ್ನೂ ಬಿಚ್ಚಿಲ್ಲ, ಸೀಟು ಮಡಚಿ ಮೇಲೆ ಹಲಗೆ ಹಾಕಿಕೊಂಡಿದ್ದಾನೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಗೆ ನಡುವಿನದ್ದೇ ಸರಿ. ಹಿಂದಿನ ನೆಲದ್ದು ತೆಗೆಯಿರಿ, ಚಾವಣಿಯದ್ದು ಮುಟ್ಟಬೇಡಿ. ಒಂದು ಮುಂಜಾನೆಯೊಳಗೆ ವಾಪಸ್ ಕೂರಿಸಲು ಆಗದಂಥದ್ದನ್ನು ಬಿಚ್ಚಲೇಬೇಡಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಾವು ನೋಡುವ ವಿಡಿಯೊಗಳಲ್ಲಿ ಹೆಚ್ಚಿನವು ಚಳಿ ದೇಶದವು. ಅವರಿಗೆ ಗಾಡಿಯೊಳಗೆ ಬೆಚ್ಚಗಿರಬೇಕು, ಹಿಮ ಕರಗಿದ ನೀರು ಆಚೆ ಹೋಗಬೇಕು. ನಮ್ಮ ಕಷ್ಟ ಬೇರೆ. ಸಂಡೂರಿನ ಕಡೆ ಒಂದು ದಿನ ಅದಿರು ಲಾರಿಗಳ ಹಿಂದೆ ಹೋಗಿ ಬನ್ನಿ, ಕುಂಕುಮದಷ್ಟು ನಯವಾದ ಕೆಂಪು ಧೂಳು ಕಾರ್ಪೆಟ್ಟಿನ ಬುಡಕ್ಕೆ ಇಳಿದಿರುತ್ತದೆ, ಎಷ್ಟು ಸಲ ವ್ಯಾಕ್ಯೂಮ್ ಹಿಡಿದರೂ ಕೈ ತಟ್ಟಿದರೆ ಮತ್ತೆ ಏಳುತ್ತದೆ. ಅದರ ಮೇಲೆ ಮಲಗಿದರೆ ಮೂಗು, ಗಂಟಲು, ಬಿಳಿ ಬನಿಯನ್ನು ಎಲ್ಲ ಕೆಂಪು. ರಾಯಚೂರು, ಸಿಂಧನೂರಿನ ಕಡೆ ಮಳೆಗಾಲದಲ್ಲಿ ಎರೆಮಣ್ಣು. ಚಪ್ಪಲಿಗೆ ಎರಡು ಇಂಚು ದಪ್ಪ ಮೆತ್ತಿಕೊಂಡು ಬರುವ ಆ ಮಣ್ಣು ಕಾರ್ಪೆಟ್ಟಿನಲ್ಲಿ ಒಣಗಿದರೆ ಅಷ್ಟೇ ಮುಗಿಯಿತು. ಇನ್ನು ಬಳ್ಳಾರಿ ಜಾಲಿ ಮುಳ್ಳು. ಚಪ್ಪಲಿಗೆ ಚುಚ್ಚಿಕೊಂಡು ಒಳಗೆ ಬರುತ್ತದೆ, ಕಾರ್ಪೆಟ್ಟಿನಲ್ಲಿ ಅಡಗಿ ಕೂರುತ್ತದೆ, ರಾತ್ರಿ ಬೆನ್ನಿಗೆ ಸಿಗುತ್ತದೆ. ಇಷ್ಟರ ಮೇಲೆ ಬಿಸಿಲು. ಏಪ್ರಿಲ್, ಮೇನಲ್ಲಿ ರಾಯಚೂರಿನಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಒಂದು ತಾಸಿನಲ್ಲಿ ಹೊರಗಿಗಿಂತ 20 ಡಿಗ್ರಿ ಜಾಸ್ತಿ ಆಗುತ್ತದೆ.

ಹಾಗಾಗಿ ನಮಗೆ ಬೇಕಾದದ್ದು ಎರಡು. ನೆಲ ಒರೆಸಿದರೆ ಶುಚಿಯಾಗಬೇಕು. ಮೇಲಿನಿಂದ ಕಾವು ಇಳಿಯಬಾರದು. ಕೆಳಗಿನ ಹೋಲಿಕೆ ಪೂರ್ತಿ ಈ ಎರಡರ ಮೇಲೆಯೇ ನಿಂತಿದೆ.

ಏನೂ ಬಿಚ್ಚದೆ ಹಲಗೆ ಹಾಕುವುದು

ವರ್ಷಕ್ಕೆ ನಾಲ್ಕೈದು ಸಲ ಹೊರಗೆ ಮಲಗುವವರಿಗೆ, ಮನೆಯಲ್ಲಿ ಇರುವುದು ಒಂದೇ ಗಾಡಿ ಆದರೆ, ಇದೇ ಸಾಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ದಿನ ಮನೆಮಂದಿಯೆಲ್ಲ ಕೂರಬೇಕು, ಬುಟ್ಟಿ ತುಂಬ ರೊಟ್ಟಿ, ಪಲ್ಯ ಒಯ್ಯಬೇಕು. ಅವತ್ತು ಸೀಟು ಇಲ್ಲ ಅಂದರೆ ಯಾರೂ ಸುಮ್ನೆ ಬಿಡುವುದಿಲ್ಲ. ಮಾವನ ಮಗ ಬೊಲೆರೊದ ನಡುವಿನ ಸೀಟು ಮಡಚಿ, ಎರಡು ತುಂಡು ಮಾಡಿದ 12 ಎಂಎಂ ಪ್ಲೈವುಡ್ ಹಾಕುತ್ತಾನೆ. ಕೆಳಗೆ ಕಬ್ಬಿಣದ ಮಡಚುವ ಕಾಲು. ಹತ್ತು ನಿಮಿಷದ ಕೆಲಸ.

ಕೊರತೆ ಏನೆಂದರೆ ಎತ್ತರ. ಮಡಚಿದ ಸೀಟಿನ ಮೇಲೆ ಹಲಗೆ, ಅದರ ಮೇಲೆ ಗಾದಿ ಹಾಕಿದ ಮೇಲೆ ಚಾವಣಿಗೂ ನಿಮಗೂ ನಡುವೆ ಉಳಿಯುವ ಜಾಗ ಬಹಳ ಕಡಿಮೆ. ಕೂರಲು ಆಗುವುದಿಲ್ಲ, ತೆವಳಿಕೊಂಡೇ ಹೋಗಬೇಕು. ಕಾರ್ಪೆಟ್ ಹಾಗೇ ಇರುವುದರಿಂದ ಧೂಳಿನ ಕಷ್ಟವೂ ಹಾಗೇ ಉಳಿಯುತ್ತದೆ. ಇವನು ಒಂದು ದಪ್ಪ ತಾಡಪತ್ರಿಯನ್ನು ಕಾರ್ಪೆಟ್ಟಿನ ಮೇಲೆ ಹಾಸಿ, ಅಂಚುಗಳನ್ನು ಮೇಲಕ್ಕೆ ಮಡಚಿ ಬಿಡುತ್ತಾನೆ, ವಾಪಸ್ ಬಂದ ಮೇಲೆ ಎತ್ತಿ ಝಾಡಿಸುತ್ತಾನೆ. ಕಾಸು ಖರ್ಚಿಲ್ಲದ ಒಳ್ಳೆ ಉಪಾಯ ಅದು, ನಾನು ಈಗಲೂ ಮುಂದಿನ ಭಾಗಕ್ಕೆ ಅದನ್ನೇ ಮಾಡುತ್ತೇನೆ.

ಪೂರ್ತಿ ಬಿಚ್ಚುವುದು

ಓಮ್ನಿ ತಂದಾಗ ನನಗೆ ಇದರದ್ದೇ ಹುಚ್ಚು. ಸೀಟು, ಕಾರ್ಪೆಟ್, ಡೋರ್ ಪ್ಯಾಡ್, ಚಾವಣಿಯ ಲೈನಿಂಗ್ ಎಲ್ಲ ಹೊರಗೆ. ಒಳಗೆ ಬರೀ ಬಿಳಿ ತಗಡು. ನೋಡಲು ಎಷ್ಟು ಚೆಂದ, ಎಷ್ಟು ಜಾಗ! ಕೊಡದಲ್ಲಿ ನೀರು ಹಾಕಿ ತೊಳೆಯಬಹುದು ಅಂದುಕೊಂಡೆ, ಹಾಗೆಯೇ ತೊಳೆದೆ ಕೂಡ.

ಮೊದಲ ಪಾಠ ಸಿಕ್ಕಿದ್ದು ಮಾರ್ಚ್‌ನಲ್ಲಿ, ಮುದಗಲ್ ಕೋಟೆ ನೋಡಲು ಹೋದಾಗ. ಮಧ್ಯಾಹ್ನ ಎರಡು ತಾಸು ಬಿಸಿಲಲ್ಲಿ ನಿಂತ ಗಾಡಿಗೆ ಹತ್ತಿದರೆ ಚಾವಣಿಯ ತಗಡು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಲೈನಿಂಗ್ ಎಂದರೆ ಅಲಂಕಾರಕ್ಕೆ ಮಾತ್ರ ಅಂತ ನಾನು ತಿಳಿದಿದ್ದೆ. ಅದು ತಗಡಿಗೂ ನಮಗೂ ನಡುವೆ ಇರುವ ಗಾಳಿಯ ಪದರ. ಅದು ಹೋದರೆ ಕಾವು ನೇರ ತಲೆಯ ಮೇಲೆ. ಡಿಸೆಂಬರಿನಲ್ಲಿ ಬೇರೆ ತೊಂದರೆ. ಇಬ್ಬರು ಗಾಜು ಏರಿಸಿ ಮಲಗಿದರೆ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ, ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಎರಡನೆಯದು ಸದ್ದು. ಒಳಗಿನ ಬಟ್ಟೆ, ಫೆಲ್ಟು, ಪ್ಲಾಸ್ಟಿಕ್ಕು ಎಲ್ಲ ಸೇರಿ ಸದ್ದನ್ನು ನುಂಗುತ್ತಿರುತ್ತವೆ. ಅವು ಹೋದ ಮೇಲೆ ಗಾಡಿ ಡಬ್ಬಿಯಂತೆ ಬಡಿದುಕೊಳ್ಳುತ್ತದೆ. ಕೊಪ್ಪಳದಿಂದ ಲಿಂಗಸೂಗೂರು ಮುಟ್ಟುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತಿತ್ತು, ಪಕ್ಕದಲ್ಲಿ ಕೂತ ಹೆಂಡತಿಯ ಜತೆ ಕೂಗಿ ಮಾತಾಡಬೇಕಿತ್ತು.

ಓಮ್ನಿ, ಈಕೋ ಇರುವವರು ಇದನ್ನು ಚೆನ್ನಾಗಿ ಗಮನಿಸಿ. ಇವೆರಡರಲ್ಲೂ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಲ್ಲಿನ ಕಾರ್ಪೆಟ್ ಮತ್ತು ಅದರಡಿಯ ಫೆಲ್ಟ್ ಕಾವನ್ನು, ಸದ್ದನ್ನು ತಡೆಯಲೆಂದೇ ಇವೆ. ಇಂಜಿನ್ ಮುಚ್ಚಳದ ಸುತ್ತ ಇರುವ ರಬ್ಬರ್ ಬೀಡಿಂಗ್ ಹೊಗೆಯನ್ನೂ ತಡೆಯುತ್ತದೆ. ಅವನ್ನು ಕಿತ್ತರೆ ಕಾಲು ಸುಡುತ್ತದೆ, ಇಂಜಿನ್ ವಾಸನೆ ಒಳಗೆ ಬರುತ್ತದೆ. ನಾನು ಕಿತ್ತಿದ್ದೆ. ಆರು ತಿಂಗಳಿಗೆ ಮುಂದಿನದ್ದಷ್ಟನ್ನು ಹೊಸದಾಗಿ ಹಾಕಿಸಿಕೊಂಡೆ.

ಮೂರನೆಯದು ತುಕ್ಕು, ನನಗೆ ಜಾಸ್ತಿ ನೋವಾದದ್ದು ಇದಕ್ಕೇ. ಗಾಡಿಯ ನೆಲದಲ್ಲಿ ಅಲ್ಲಲ್ಲಿ ರಬ್ಬರ್ ಬೂಚುಗಳಿರುತ್ತವೆ. ತೊಳೆದ ನೀರು ಹೋಗಲಿ ಅಂತ ಅವನ್ನು ತೆಗೆದೆ. ನೀರೇನೋ ಹೋಯಿತು, ಆದರೆ ಬಾಗಿಲ ಹೊಸ್ತಿಲ ಒಳಗಿನ ಟೊಳ್ಳು ಭಾಗಕ್ಕೆ ಇಳಿದದ್ದು ಅಲ್ಲೇ ನಿಂತಿತು. ಮಣ್ಣೂ ಸೇರಿತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಚಕ್ರದ ಮೇಲಿನ ತಗಡು ಬೆರಳು ಒತ್ತಿದರೆ ಒಳಗೆ ಹೋಗುವಂತಾಗಿತ್ತು. ಟಿಂಕರಿಂಗ್ ಮಾಡುವವರು ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕಾಯಿತು. ಸಾಲದ್ದಕ್ಕೆ, ಬೂಚು ತೆಗೆದ ಅದೇ ತೂತುಗಳಿಂದ ಧೂಳು ಬುಗ್ಗೆಯಂತೆ ಒಳಗೆ ಬರುತ್ತಿತ್ತು. ನೆಲ ಶುಚಿಯಾಗಿರಲಿ ಅಂತ ಬಿಚ್ಚಿದವನು ನಾನು, ನನ್ನ ಗಾಡಿಯಲ್ಲೇ ಎಲ್ಲಕ್ಕಿಂತ ಜಾಸ್ತಿ ಧೂಳು.

ಹಾಗಾದರೆ ಪೂರ್ತಿ ಬಿಚ್ಚುವುದು ಯಾರಿಗೂ ಬೇಡವಾ? ಬೇಕು. ಗಾಡಿ ಮನೆಯವರ ಓಡಾಟಕ್ಕಲ್ಲ, ಹೊರಗೆ ಹೋಗಲಿಕ್ಕೇ ಇಟ್ಟಿದ್ದು, ತಗಡಿಗೆ ಪ್ರೈಮರ್, ಬಣ್ಣ ಹೊಡೆದು, ಚಾವಣಿಗೆ ಫಾಯಿಲ್ ಅಂಟಿಸಿದ ಫೋಮ್ ಹಾಕಿ ಮತ್ತೆ ಹೊಸ ಲೈನಿಂಗ್ ಮಾಡಿಸುವ ತಾಳ್ಮೆ, ದುಡ್ಡು ಎರಡೂ ಇದೆ ಅಂದರೆ ಮಾಡಿ. ಬಿಚ್ಚಿ ಹಾಗೇ ಬಿಡುವುದಾದರೆ ಬೇಡ. ಸದ್ದಿಗೆ ಅಂತ ಡಾಂಬರಿನಂಥ ಶೀಟು ಅಂಟಿಸುತ್ತಾರಲ್ಲ, ಅದನ್ನು ನಮ್ಮ ಬಿಸಿಲಿನಲ್ಲಿ ಚಾವಣಿಗೆ ಹಾಕಿಸಬೇಡಿ. ಮೆತ್ತಗಾಗಿ ವಾಸನೆ ಹೊಡೆಯುತ್ತದೆ, ಕೆಲವು ಸಲ ಕಳಚಿ ಬೀಳುತ್ತದೆ. ಬ್ಯೂಟೈಲ್ ಅನ್ನುವ ರಬ್ಬರಿನ ಶೀಟು ಕೇಳಿ ಹಾಕಿಸಿ.

ನಡುವಿನ ದಾರಿ

ಈಗ ಈಕೋದಲ್ಲಿ ಮಾಡಿರುವುದು ಇದು. ಹಿಂದಿನ ಸೀಟು ಹೊರಗೆ, ಹಿಂದಿನ ನೆಲದ ಕಾರ್ಪೆಟ್ ಮತ್ತು ಅದರಡಿಯ ಫೆಲ್ಟ್ ಹೊರಗೆ. ಚಾವಣಿ, ಡೋರ್ ಪ್ಯಾಡು, ಮುಂದಿನ ಭಾಗ ಕಂಪನಿಯವರು ಕೊಟ್ಟಂತೆಯೇ ಇವೆ. ಫೆಲ್ಟ್ ತೆಗೆಯುವುದನ್ನು ಮರೆಯಬೇಡಿ. ಕಾರ್ಪೆಟ್ ಮೇಲಿನಿಂದ ಒಣಗಿದಂತೆ ಕಂಡರೂ ಅಡಿಯಲ್ಲಿ ಫೆಲ್ಟು ವಾರಗಟ್ಟಲೆ ನೀರು ಹಿಡಿದಿರುತ್ತದೆ, ಗಾಡಿಯಲ್ಲಿ ಬರುವ ಮುಗ್ಗಲು ವಾಸನೆ ಹೆಚ್ಚಾಗಿ ಅದರದ್ದೇ.

ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆದು ಹತ್ತು ನಿಮಿಷ ಬಿಡಿ. ಹೊಸ ಗಾಡಿಗಳಲ್ಲಿ ಮುಂದಿನ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿಗೆ ಸೇರಿದ್ದು, ಮನೆಯಲ್ಲಿ ಮುಟ್ಟಬೇಡಿ. ಅದಕ್ಕೇ ನಾನು ಮುಂದಿನ ಸೀಟಿನ ತಂಟೆಗೆ ಹೋಗುವುದಿಲ್ಲ. ಹಿಂದಿನ ಸೀಟಿಗೂ ಬೆಲ್ಟ್ ಸೆನ್ಸರ್ ವೈರ್ ಇರಬಹುದು, ಎಳೆಯುವ ಮೊದಲು ಕೆಳಗೆ ಕೈ ಆಡಿಸಿ ನೋಡಿ.

ಬೋಲ್ಟು ಜಂಗು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಸ್ಪ್ರೇ ಹೊಡೆದಿಡಿ. ಸರಿಯಾದ ಅಳತೆಯ ರಿಂಗ್ ಪಾನಾ ಅಥವಾ ಗೋಟಿ (ಸಾಕೆಟ್) ಬಳಸಿ, ಸವೆದ ಪಾನಾದಲ್ಲಿ ಬೋಲ್ಟಿನ ತಲೆ ಉರುಟಾದರೆ ಅರ್ಧ ದಿನ ಹೋಗುತ್ತದೆ. ತೆಗೆದ ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ನಾನು ಒಂದೊಂದು ಜಾಗದ್ದನ್ನು ಒಂದೊಂದು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೆ ಬರೆದಿಡುತ್ತೇನೆ. ಸೀಟು, ಬೆಲ್ಟಿನ ಬೋಲ್ಟು ಗಟ್ಟಿ ಉಕ್ಕಿನವು. ಕಳೆದರೆ ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಹಾಕಿ ಕೆಲಸ ಸಾಗಿಸಬೇಡಿ. ಬ್ರೇಕ್ ಹೊಡೆದಾಗ ಕೂತವರ ಭಾರ ತಡೆಯುವುದು ಅವೇ.

ಸೀಟಿನ ಬೋಲ್ಟು ಹೋಗಿದ್ದ ತೂತುಗಳನ್ನು ಮುಚ್ಚಿಬಿಡಬೇಡಿ, ಅವೇ ನಿಮಗೆ ಸಿಗುವ ಗಟ್ಟಿ ಕೊಂಡಿಯ ಜಾಗ. ಅದೇ ಅಳತೆಯ ಥ್ರೆಡ್ ಇರುವ ಐ ಬೋಲ್ಟು (ತಲೆಯ ಕಡೆ ಬಳೆ ಇರುವ ಬೋಲ್ಟು) ತಿರುಗಿಸಿ, ನೀರಿನ ಕ್ಯಾನು, ಸ್ಟವ್ವು, ಪೆಟ್ಟಿಗೆ ಎಲ್ಲವನ್ನೂ ಬೆಲ್ಟ್ ಹಾಕಿ ಅದಕ್ಕೆ ಕಟ್ಟಿ. ಸೀಟು ಇದ್ದಾಗ ಅದು ಸಾಮಾನನ್ನು ತಡೆಯುತ್ತಿತ್ತು. ಈಗ 20 ಲೀಟರ್ ಕ್ಯಾನು ಅಂದರೆ 20 ಕಿಲೋ ಭಾರ ನಿಮ್ಮ ಬೆನ್ನ ಹಿಂದೆ ಸಡಿಲವಾಗಿ ನಿಂತಿದೆ ಅಂತ ಅರ್ಥ. ನೆಲಕ್ಕೆ ಹೊಸದಾಗಿ ಡ್ರಿಲ್ ಮಾತ್ರ ಹಾಕಬೇಡಿ. ಕೆಳಗೆ ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು ಇರುತ್ತವೆ.

ಹಾಗೆಯೇ, ಸೀಟು ತೆಗೆದ ಗಾಡಿಯ ಹಿಂಭಾಗದಲ್ಲಿ ಚಾಪೆ ಹಾಸಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ನಿಂತ ಗಾಡಿಯಲ್ಲಿ ಮಲಗಿ, ಓಡುವ ಗಾಡಿಯಲ್ಲಿ ಸೀಟಿಲ್ಲದ ಕಡೆ ಯಾರೂ ಕೂರಬಾರದು.

ಬರಿದಾದ ನೆಲಕ್ಕೆ ಏನು ಹಾಸುವುದು?

ಮೊದಲು ತಗಡು ನೋಡಿಕೊಳ್ಳಿ. ಬಣ್ಣ ಎದ್ದ ಕಡೆ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಎನಾಮಲ್ ಬಣ್ಣ ಕೊಡಿ. ರಬ್ಬರ್ ಬೂಚುಗಳು ಎಲ್ಲವೂ ಬಿಗಿಯಾಗಿವೆಯಾ ನೋಡಿ, ಹರಿದಿದ್ದರೆ ಹೊಸದು ಹಾಕಿ. ಕೊಡದಿಂದ ತೊಳೆಯುವ ಆಸೆ ಬಿಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ಲೈವುಡ್ ಹಾಕಿದರೆ ನೆಲ ಸಪಾಟಾಗುತ್ತದೆ, ಕಾಲಿಗೆ ಕಾವು ತಾಗುವುದಿಲ್ಲ, ಪೆಟ್ಟಿಗೆ ಕೂರಿಸಲು ಅನುಕೂಲ. ಆದರೆ ಭಾರ. ಎಂಟು ಅಡಿ ನಾಲ್ಕು ಅಡಿಯ 12 ಎಂಎಂ ಹಲಗೆ ಸುಮಾರು 23 ಕಿಲೋ, 18 ಎಂಎಂ ಆದರೆ 35ರ ಹತ್ತಿರ. ತೆಗೆದ ಸೀಟಿನ ಭಾರವನ್ನು ಮತ್ತೆ ಒಳಗೆ ತಂದಂತೆ. ತಗೊಳ್ಳುವುದಾದರೆ 12 ಎಂಎಂ, ಐಎಸ್ 710 ಅಂತ ಮುದ್ರೆ ಇರುವ ನೀರು ತಡೆಯುವ ಹಲಗೆಯೇ ತಗೊಳ್ಳಿ, ಕತ್ತರಿಸಿದ ಅಂಚಿಗೆಲ್ಲ ಬಣ್ಣ ಬಳಿಯಿರಿ. ಸಾದಾ ಹಲಗೆ ಒಂದೇ ಮಳೆಗಾಲಕ್ಕೆ ಪದರ ಬಿಡುತ್ತದೆ.

ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಮ್ಯಾಟು ನನ್ನ ಆಯ್ಕೆ. ಸುತ್ತಿ ಎತ್ತಬಹುದು, ಹೊರಗೆ ಹಾಕಿ ತೊಳೆಯಬಹುದು, ಜಾಲಿ ಮುಳ್ಳು ಮೇಲೇ ಕಾಣುತ್ತದೆ. ಹಳೇ ಟಯರಿನಿಂದ ಮಾಡಿದ್ದಾದರೆ ಬಿಸಿಲಿಗೆ ಕೆಟ್ಟ ವಾಸನೆ ಬರುತ್ತದೆ, ಕೊಳ್ಳುವ ಮೊದಲು ಅಂಗಡಿಯಲ್ಲೇ ಮೂಸಿ ನೋಡಿ. ದನದ ಕೊಟ್ಟಿಗೆಗೆ ಹಾಕುವ ದಪ್ಪ ಮ್ಯಾಟನ್ನೂ ಹಾಕಿ ನೋಡಿದೆ. ಸದ್ದು ಎಷ್ಟು ಇಳಿಯಿತೆಂದರೆ ನಂಬಲಾಗಲಿಲ್ಲ, ಆದರೆ ಒಬ್ಬನೇ ಎತ್ತಲು ಆಗಲಿಲ್ಲ, ವಾಸನೆಯೂ ಹೋಗಲಿಲ್ಲ. ಗೆಳೆಯನ ಎಮ್ಮೆಗಳಿಗೆ ಕೊಟ್ಟುಬಿಟ್ಟೆ. ಮಲಗುವಾಗ ರಬ್ಬರಿನ ಮೇಲೆ ಮಕ್ಕಳ ಆಟದ ಫೋಮ್ ಮ್ಯಾಟು, ಅದರ ಮೇಲೆ ತೆಳು ಗಾದಿ, ಹೊದೆಯಲು ಅವ್ವ ಹೊಲಿದ ಕೌದಿ.

ಅಲ್ಯೂಮಿನಿಯಂ ಚೆಕರ್ ಶೀಟು ಬಹಳ ಜನ ಹಾಕಿಸುತ್ತಾರೆ, ನೋಡಲು ಗಟ್ಟಿ. ಬಿಸಿಲಲ್ಲಿ ಸುಡುತ್ತದೆ, ರಾತ್ರಿ ತಣ್ಣಗೆ ಕೊರೆಯುತ್ತದೆ, ದಾರಿಯುದ್ದ ಗಡಗಡ. ಸಾಮಾನು ಸಾಗಿಸಲು ಸರಿ, ಮಲಗುವವರಿಗೆ ಅಲ್ಲ.

ಯಾವ ಗಾಡಿಗೆ ಯಾವುದು

ಓಮ್ನಿ 2019ರಲ್ಲೇ ನಿಂತುಹೋಯಿತು, ಸಿಗುವುದೆಲ್ಲ ಹಳೆಯದು. ಒಟ್ಟು ಉದ್ದ 3,370 ಎಂಎಂ ಮಾತ್ರ, ಎತ್ತರದವರು ಓರೆಯಾಗಿ ಮಲಗಬೇಕು. ಹಿಂದೆ ಪಟ್ಟಿ ಸ್ಪ್ರಿಂಗ್ ಇರುವುದರಿಂದ ಸೀಟು ತೆಗೆದು ಖಾಲಿ ಓಡಿಸಿದರೆ ಕುಪ್ಪಳಿಸುತ್ತದೆ. ಹಿಂದಿನ ಸೀಟು ಹಗುರ, ಒಬ್ಬರೇ ತೆಗೆದು ಹಾಕಬಹುದು.

ಈಕೋ 3,675 ಎಂಎಂ. ಐದೂವರೆ ಅಡಿ ಎತ್ತರದ ನಾನು ಮುಂದಿನ ಸೀಟು ಸ್ವಲ್ಪ ಮುಂದೆ ಸರಿಸಿ ಕಾಲು ಚಾಚಿ ಮಲಗುತ್ತೇನೆ. ಐದು ಸೀಟಿನದ್ದೇ ಹುಡುಕಿ, ಬಿಚ್ಚುವುದು ಕಡಿಮೆ. ಸಿಎನ್‌ಜಿ ಗಾಡಿ ಆದರೆ ಹಿಂದೆ ಸಿಲಿಂಡರ್ ಕೂತಿರುತ್ತದೆ, ಮಲಗುವ ಜಾಗ ಅಲ್ಲೇ ಹೋಯಿತು. ನೆಲ ಕೆಳಗೆ ಇರುವುದರಿಂದ ಎರೆಮಣ್ಣಿನ ಹೊಲದ ದಾರಿಗೆ ಮಳೆಯಲ್ಲಿ ಇಳಿಸಬೇಡಿ, ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.

ಬೊಲೆರೊ, ಹಳೇ ಸುಮೊ ಅಂಥ ದಾರಿಗೆ ಗಟ್ಟಿ. ಬೊಲೆರೊದ ಹಿಂದೆ ಎದುರುಬದುರು ಇರುವ ಎರಡು ಸಣ್ಣ ಸೀಟು ತೆಗೆದು, ನಡುವಿನ ಸೀಟು ಮಡಚಿ ಹಲಗೆ ಹಾಕಿಕೊಳ್ಳುವುದು ಒಳ್ಳೆಯದು. ನಡುವಿನ ಸೀಟು ಭಾರ, ಇಬ್ಬರು ಬೇಕು.

ಕಾಗದ ಪತ್ರದ ಮಾತು

ಆರ್‌ಸಿಯಲ್ಲಿ ಸೀಟಿನ ಲೆಕ್ಕ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವಂತೆ ಬದಲಾಯಿಸುವ ಹಾಗಿಲ್ಲ. ಶಾಶ್ವತವಾಗಿ ಸೀಟು ಕಡಿಮೆ ಮಾಡುವುದಾದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಇನ್ಶೂರೆನ್ಸಿನವರಿಗೂ ತಿಳಿಸಿ. ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮುಂದುವರಿಸಲು ಗಾಡಿ ತೋರಿಸಬೇಕು. 2023ರಲ್ಲಿ ನನ್ನ ಓಮ್ನಿಯದ್ದು ಬಂತು. ಎಲ್ಲವನ್ನೂ ವಾಪಸ್ ಕೂರಿಸಲು ಕೂತರೆ ನಾಲ್ಕು ಬೋಲ್ಟು ಇಲ್ಲ, ಲೈನಿಂಗ್ ಮುರಿದಿದೆ, ಒಂದು ಬೆಲ್ಟಿನ ಕೊಕ್ಕೆ ಎಲ್ಲೋ ಹೋಗಿದೆ. ಹದಿನೈದು ದಿನ ಗುಜರಿ ಅಂಗಡಿಗಳಲ್ಲಿ ಹುಡುಕಿದೆ. ಮುಂಜಾನೆಯೊಳಗೆ ವಾಪಸ್ ಕೂರಿಸುವಂತಿರಬೇಕು ಅಂತ ಮೇಲೆ ಬರೆದದ್ದು ಆ ಹದಿನೈದು ದಿನದ ಮಾತು.

ಹೊರಟ ಮೇಲೆ

ಧೂಳಿನ ದಾರಿಯಲ್ಲಿ ಹಿಂದಿನ ಗಾಜು ಎಂದೂ ತೆರೆಯಬೇಡಿ. ಓಡುವ ಗಾಡಿಯ ಹಿಂದೆ ಗಾಳಿ ಸುಳಿದು ಧೂಳನ್ನು ಒಳಗೆ ಎಳೆಯುತ್ತದೆ. ಎಲ್ಲ ಮುಚ್ಚಿ, ಮುಂದೆ ಯಾವ ಗಾಡಿಯೂ ಇಲ್ಲದಾಗ ಬ್ಲೋವರನ್ನು ಹೊರಗಿನ ಗಾಳಿಗೆ ಇಟ್ಟು ಜೋರು ಮಾಡಿದರೆ ಒಳಗಿನ ಒತ್ತಡ ಏರಿ ಸಂದಿಗಳಿಂದ ಧೂಳು ಬರುವುದು ಕಡಿಮೆಯಾಗುತ್ತದೆ.

ಮಲಗುವಾಗ ಎರಡು ಗಾಜು ಎರಡೆರಡು ಬೆರಳಷ್ಟು ಇಳಿಸಿ ಸೊಳ್ಳೆ ಪರದೆಯ ಬಟ್ಟೆಯನ್ನು ಅಯಸ್ಕಾಂತದಿಂದ ಬಾಗಿಲಿಗೆ ಹಿಡಿಸಿ. ಗಂಗಾವತಿ, ಸಿಂಧನೂರಿನ ಕಾಲುವೆ ಬಯಲಿನಲ್ಲಿ, ಭತ್ತದ ಗದ್ದೆಗೆ ನೀರು ನಿಂತ ದಿನಗಳಲ್ಲಿ ಇದಿಲ್ಲದೆ ಕಣ್ಣು ಮುಚ್ಚಲು ಆಗುವುದಿಲ್ಲ. ಒಳಗೆ ಸ್ಟವ್ ಹಚ್ಚಬೇಡಿ, ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ. ಆನೆಗೊಂದಿ, ಸಾಣಾಪುರದ ಬಂಡೆಗಳ ನಡುವೆ ಚಿರತೆ, ಕರಡಿ ಎರಡೂ ಇವೆ. ಊರವರನ್ನು ಕೇಳಿ, ಮನೆ ಹೊಲ ಇರುವ ಕಡೆಯೇ ನಿಲ್ಲಿಸಿ. ಅರಣ್ಯದ ಜಾಗಕ್ಕೆ ಅನುಮತಿ ಇಲ್ಲದೆ ಹೋಗಬೇಡಿ. ನವೆಂಬರಿನಿಂದ ಫೆಬ್ರವರಿ ತನಕ ಸರಿಯಾದ ಕಾಲ. ಬೇಸಿಗೆಯಲ್ಲಿ ನೀವು ಎಷ್ಟೇ ಬಿಚ್ಚಿ, ಎಷ್ಟೇ ಹಾಕಿ, ಗಾಡಿಯೊಳಗೆ ನಿದ್ದೆ ಬರುವುದಿಲ್ಲ.

ಇನ್ನು ಬಿಚ್ಚಿದ ಸೀಟನ್ನು ಎಲ್ಲಿ ಇಡುವುದು? ಮಾಳಿಗೆ ಮೇಲೆ ಬಿಸಿಲಲ್ಲಿ ಬೇಡ, ರೆಕ್ಸಿನ್ ಸೀಳುತ್ತದೆ. ನೆಲದ ಮೇಲೂ ಬೇಡ, ಇಲಿ ಒಳಗಿನ ಫೋಮ್ ಕಡಿದು ಗೂಡು ಕಟ್ಟುತ್ತದೆ. ನಾನು ಒಳಗಿನ ಕೋಣೆಯಲ್ಲಿ ಅಟ್ಟದ ಹಲಗೆಯ ಮೇಲೆ, ಹಳೇ ಪಂಚೆ ಸುತ್ತಿ ನಿಲ್ಲಿಸಿದ್ದೇನೆ, ಬೋಲ್ಟಿನ ಚೀಲಗಳನ್ನು ಅದೇ ಸೀಟಿನ ಕಾಲಿಗೆ ಕಟ್ಟಿದ್ದೇನೆ. ಎಳ್ಳಮಾವಾಸ್ಯೆಯ ಹಿಂದಿನ ದಿನ ಇಳಿಸಿದರೆ ಮುಕ್ಕಾಲು ತಾಸಿನಲ್ಲಿ ಗಾಡಿಯಲ್ಲಿ ಕೂತಿರುತ್ತದೆ.